ಹೊಳೆ ನಡುವೆ ನಿಂತ ಲಾಂಚು

ನನ್ನ ಗಂಡನಿಗೆ ಭದ್ರಾವತಿಯಲ್ಲಿ ಒಂದು ಅಡ್ಡಹೆಸರಿತ್ತು. ಸುಟ್ಟ ಲಿಂಗಪ್ಪ. ಅವರೇನೂ ಸುಟ್ಟುಕೊಂಡಿರಲಿಲ್ಲ, ಸುಟ್ಟದ್ದು ಒಂದು ಎಂಜಿನ್ನು. ಅದೂ ಅವರ ತಪ್ಪಿನಿಂದ ಅಲ್ಲ, ಅವರ ಒಳ್ಳೆತನದಿಂದ. ಒಂದು ಅಕ್ಕಿ ಗಿರಣಿಯಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದರು. ತಂಪಿನ ತೊಟ್ಟಿಯಲ್ಲಿ ನೀರು ಖಾಲಿಯಾಗಿದೆ, ನಿಲ್ಲಿಸ್ತೀನಿ ಎಂದು ಮಾಲೀಕನಿಗೆ ಹೇಳಿದರು. "ಇನ್ನು ಹತ್ತೇ ಮೂಟೆ, ಆಮೇಲೆ ನಿಲ್ಸು" ಅಂದ ಆ ಪುಣ್ಯಾತ್ಮ. ಇವರು ತಲೆಯಾಡಿಸಿದರು. ಏಳನೇ ಮೂಟೆಗೆ ಎಂಜಿನ್ ಕಚ್ಚಿಕೊಂಡು ನಿಂತೇಹೋಯಿತು. ಹೇಳಿದವನಿಗೆ ಏನೂ ಆಗಲಿಲ್ಲ, ಕೇಳಿದವರಿಗೆ ಹೆಸರು ಬಂತು.

ಆಮೇಲೆ ನಾಲ್ಕು ವರ್ಷ ಯಾರೂ ಅವರನ್ನು ಎಂಜಿನ್ ಹತ್ತಿರ ಬಿಡಲಿಲ್ಲ. ಹಳೇ ಸೇತುವೆ ಹತ್ತಿರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕಬ್ಬಿಣ ಉಜ್ಜುತ್ತಾ ಕೂತರು. ರಸ್ತೆಯಲ್ಲಿ ಲಾರಿ ಹೋದರೆ ಊಟದ ನಡುವೆ ತುತ್ತು ಹಿಡಿದ ಕೈ ಹಾಗೇ ನಿಲ್ಲುತ್ತಿತ್ತು. ಸದ್ದು ದೂರವಾಗುವವರೆಗೆ ಕೇಳಿ, "ಒಂದು ಪ್ಲಗ್ ಸರಿ ಇಲ್ಲ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡು ಮತ್ತೆ ಉಣ್ಣುತ್ತಿದ್ದರು. ನೋಡಿ ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು.

ಐವತ್ತೊಂಬತ್ತನೇ ಇಸವಿಯಲ್ಲಿ ಗಾಜನೂರಿಗೆ ಲಾಂಚು ಬಂತು. ಅಣೆಕಟ್ಟು ಕಟ್ಟಿದ ಮೇಲೆ ಹಳೇ ದೋಣಿಗಂಡಿ ಮುಳುಗಿ, ಆಚೆ ದಡದ ಊರುಗಳವರು ಸುತ್ತು ಹಾಕಿ ಸಾಕಾಗಿದ್ದರು. ಅವರೂ ಶಿವಮೊಗ್ಗದ ನಾಲ್ವರು ವ್ಯಾಪಾರಸ್ಥರೂ ಸೇರಿ ಲಾಂಚು ಸಂಘ ಮಾಡಿಕೊಂಡರು. ಅಧ್ಯಕ್ಷರು ದುರ್ಗಿಗುಡಿಯ ಅಡಿಕೆ ಮಂಡಿ ಷಡಕ್ಷರಪ್ಪನವರು. ಕರಾವಳಿಯಿಂದ ಒಂದು ಹಳೇ ಲಾಂಚನ್ನು ಲಾರಿ ಮೇಲೆ ಘಟ್ಟ ಹತ್ತಿಸಿ ತಂದರು. ಜತೆಗೆ ಗೋವಿಂದ ಎಂಬ ಮುದುಕ ಬಂದಿದ್ದ, ನಲವತ್ತು ವರ್ಷ ಸಮುದ್ರದಲ್ಲಿ ಲಾಂಚು ಓಡಿಸಿದವನು. ಎಂಟು ದಿನ ಇದ್ದು ಯಾರಿಗಾದರೂ ಕಲಿಸಿ ಹೋಗುತ್ತೇನೆ ಎಂದನಂತೆ. ಕಲಿಯುವವರು ಯಾರು? ಅಂಬಿಗರಿಗೆ ಎಂಜಿನ್ ಗೊತ್ತಿಲ್ಲ, ಎಂಜಿನ್ ಗೊತ್ತಿದ್ದವರಿಗೆ ನೀರೆಂದರೆ ಭಯ.

ಸುದ್ದಿ ಕೇಳಿದ ದಿನವೇ ನಾನು ರೈಲು ಹತ್ತಿ ಶಿವಮೊಗ್ಗಕ್ಕೆ ಹೋದೆ. ಗಂಡನಿಗೆ ಹೇಳಲಿಲ್ಲ, ಹೇಳಿದ್ದರೆ ಬೇಡ ಅನ್ನುತ್ತಿದ್ದರು. ಮಂಡಿಯಲ್ಲಿ ಅಡಿಕೆ ರಾಶಿಯ ಪಕ್ಕ ನಿಂತು ಷಡಕ್ಷರಪ್ಪನವರನ್ನು ಕೇಳಿಯೇಬಿಟ್ಟೆ.

"ಲಿಂಗಪ್ಪ? ಆ ಸುಟ್ಟ ಲಿಂಗಪ್ಪನಾ?"

"ಹೌದು ಸ್ವಾಮಿ. ಒಂದು ಸಲ ಕೈ ಸುಟ್ಟುಕೊಂಡೋರಿಗೆ ಎರಡನೇ ಸಲ ಯಾರೂ ಎಚ್ಚರ ಹೇಳಬೇಕಾಗಿಲ್ಲ" ಅಂದೆ.

ಅವರಿಗೆ ನಗು ಬಂತು. ಕಲಿಯಲಿ ಎಂದರು. ಆದರೆ ವ್ಯಾಪಾರದವರಲ್ಲವೇ, ಷರತ್ತು ಹಾಕದೆ ಬಿಡಲಿಲ್ಲ. ಪರೀಕ್ಷೆ ಓಟದಲ್ಲಿ ಲಾಂಚು ಸರಿಯಾಗಿ ಆಚೆ ದಡ ಮುಟ್ಟಿದರೆ ಡ್ರೈವರ್ ಕೆಲಸ ಖಾಯಂ, ಗಾಜನೂರಿನಲ್ಲಿ ಮನೆ. "ಹೊಳೆ ನಡುವೆ ನಿಂತ್ರೆ ಮಾತ್ರ, ತಾಯಿ, ನಿನ್ನ ಗಂಡ ಸಾಯಂಕಾಲದ ರೈಲಿಗೇ ಭದ್ರಾವತಿಗೆ ವಾಪಸ್."

ಬೇಡ ಬೇಡ ಅಂದವರನ್ನು ಹೇಗೋ ಒಪ್ಪಿಸಿದೆ; ಬೆಳಗ್ಗೆ ಗಾಜನೂರಿಗೆ ಹೋಗಿ ಕಲಿತು ಸಂಜೆ ಮನೆಗೆ ಬರುತ್ತಿದ್ದರು. ಅಂದಿನಿಂದ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ, ಶಾಲೆಯಾಯಿತು. ಗೋವಿಂದನ ಪದ್ಧತಿ ವಿಚಿತ್ರ. ಪಾಠ ಬಾಯಿಪಾಠ ಒಪ್ಪಿಸದೆ ಎಂಜಿನ್ ತಿರುಗಿಸಿ ಎಬ್ಬಿಸುವ ಹ್ಯಾಂಡಲ್ ಮುಟ್ಟಲು ಬಿಡುತ್ತಿರಲಿಲ್ಲ. ನನ್ನ ಗಂಡನ ಕೈಯಲ್ಲಿ ಬುದ್ಧಿ ಇದೆ, ನಾಲಿಗೆಯಲ್ಲಿ ಇಲ್ಲ. ದಿನಾ ಸಂಜೆ ನಾನು ರೊಟ್ಟಿ ತಟ್ಟುತ್ತಾ ಕೇಳುವುದು, ಅವರು ಒಲೆ ಮುಂದೆ ಕೂತು ಒಪ್ಪಿಸುವುದು.

"ಮೊದಲು?"

"ಎಂಜಿನ್ ಗೂಡಿನ ಮುಚ್ಚಳ ತೆಗೀಬೇಕು. ತೆಗೆದು ಮೂಸಬೇಕು."

"ಯಾಕೆ?"

"ಪೆಟ್ರೋಲ್ ಆವಿ ಮೇಲಕ್ಕೆ ಹೋಗಲ್ಲ. ದೋಣಿ ತಳದಲ್ಲಿ ನೀರಿನ ಹಾಗೆ ಕೂತಿರುತ್ತೆ. ಒಂದು ಕಿಡಿ ಸಾಕು. ವಾಸನೆ ಬಂದ್ರೆ ಗಾಳಿ ಬೀಸಿ, ಒಂದು ಕವಳ ಎಲೆಅಡಿಕೆ ಹಾಕಿ ಜಗಿದು ಮುಗಿಯೋವಷ್ಟು ಹೊತ್ತು ಕಾಯಬೇಕು."

ಆ ಎಂಜಿನ್ನಿಗೆ ಎರಡು ಊಟ. ಹೊರಡುವುದು ಪೆಟ್ರೋಲಿನಲ್ಲಿ, ಕಾವು ಏರಿದ ಮೇಲೆ ಓಡುವುದು ಸೀಮೆಎಣ್ಣೆಯಲ್ಲಿ. ನಡುವೆ ನಿಲ್ಲಿಸಿದರೆ ಸೀಮೆಎಣ್ಣೆ ಬಸಿದು ಮತ್ತೆ ಪೆಟ್ರೋಲ್ ಬಿಡಬೇಕು. ಇನ್ನು ಗೇರು ಬಿಟ್ಟಿದೆಯೇ ನೋಡುವುದು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಸುತ್ತ ಹಾಕದೆ ಉಳಿದ ಬೆರಳುಗಳ ಜತೆಗೇ ಇಟ್ಟುಕೊಳ್ಳುವುದು, ಇಲ್ಲದಿದ್ದರೆ ಎಂಜಿನ್ ಹಿಂದಕ್ಕೆ ಒದ್ದಾಗ ಮಣಿಕಟ್ಟು ಮುರಿಯುತ್ತದೆ. ಎಲ್ಲಕ್ಕಿಂತ ನನ್ನ ತಲೆಯಲ್ಲಿ ಕೂತದ್ದು ನೀರಿನ ಪಾಠ. ಲಾಂಚಿನ ಎಂಜಿನ್ನಿಗೆ ತೊಟ್ಟಿ ಇಲ್ಲ, ತಳದ ತೂತಿನಿಂದ ಹೊಳೆ ನೀರನ್ನೇ ಕುಡಿದು ಮೈ ತಂಪು ಮಾಡಿಕೊಂಡು ಹಿಂದಿನ ಕೊಳವೆಯಿಂದ ಉಗುಳುತ್ತದೆ. "ಮುಂದೆ ನೋಡಿ ಓಡಿಸು, ಹಿಂದೆ ನೋಡಿ ಬದುಕು ಮಾರಾಯ" ಅನ್ನುತ್ತಿದ್ದನಂತೆ ಗೋವಿಂದ. ಉಗುಳುವುದು ನಿಂತರೆ ಎಂಜಿನ್ ಸಾಯಲು ಎರಡು ನಿಮಿಷ ಸಾಕು.

ಎಂಟನೇ ದಿನ ಇವರು ತಡವರಿಸದೆ ಒಪ್ಪಿಸಿದರು. ಲಾಂಚನ್ನು ಕಣ್ಣಿಂದ ನೋಡಿರದ ನನಗೂ ಬಾಯಿಪಾಠವಾಗಿತ್ತು. ನಮ್ಮತ್ತೆ ಹೂವಮ್ಮ ಮಾತ್ರ ಮೂಲೆಯಲ್ಲಿ ಬತ್ತಿ ಹೊಸೆಯುತ್ತಾ, "ಇಷ್ಟು ಮಂತ್ರ ಹೇಳಿದ್ರೆ ದೇವರೇ ಬರ್ತಿದ್ದ, ಎಂಜಿನ್ ಏನು ಮಹಾ" ಎಂದು ಗೊಣಗುತ್ತಿದ್ದರು.

ಗೌರಿ ಹಬ್ಬ ಕಳೆದ ಮೇಲಿನ ಶುಕ್ರವಾರ ಪರೀಕ್ಷೆ ಓಟ. ಗೋವಿಂದ ಹಿಂದಿನ ದಿನವೇ ಬಸ್ಸು ಹತ್ತಿದ್ದ. ಮಳೆ ಹೊಳವಾಗಿತ್ತು, ಆದರೆ ತುಂಗೆ ಇನ್ನೂ ತುಂಬಿಕೊಂಡು ಅಣೆಕಟ್ಟಿನ ತಲೆಯ ಮೇಲಿಂದ ಬೆಳ್ಳಗೆ ಧುಮುಕುತ್ತಿದ್ದಳು. ದಡದಲ್ಲಿ ಜನವೋ ಜನ. ಆಚೆ ದಡದಿಂದ ಡೊಳ್ಳಿನ ಸದ್ದು ತೇಲಿ ಬರುತ್ತಿತ್ತು. ಬಿಳಿ ಬಣ್ಣ ಬಳಿದು ಬಾಳೆಕಂದು ಕಟ್ಟಿದ ಲಾಂಚನ್ನು ಕಣ್ತುಂಬ ನೋಡಿದೆ. ಇದನ್ನು ನನ್ನ ಗಂಡ ಓಡಿಸುತ್ತಾರೆ!

ಷಡಕ್ಷರಪ್ಪನವರ ಹೆಂಡತಿ ಮಹಾಂತಮ್ಮನವರಿಗೆ ಹೊಳೆ ನಡುವೆ ಗಂಗಮ್ಮನಿಗೆ ಬಾಗಿನ ಬಿಡಬೇಕೆಂಬ ಹರಕೆ. ಆದ್ದರಿಂದ ಹೆಂಗಸರೂ ಹತ್ತಿದರು. ನಾನು, ಅತ್ತೆ, ಮಹಾಂತಮ್ಮನವರು ಮತ್ತು ಅವರ ಕಡೆಯ ನಾಲ್ವರು. ಗಂಡಸರಲ್ಲಿ ಅಧ್ಯಕ್ಷರು, ಲಂಗರು ನೋಡಿಕೊಳ್ಳಲು ಅಂಬಿಗರ ಸಿದ್ದಯ್ಯ, ಮತ್ತೆ ಇವರು. ಅತ್ತೆ ಎಂಜಿನ್ ಮುಂದೆ ಕರ್ಪೂರ ಹಚ್ಚಲು ಹೊರಟಾಗ ಇವರು ತಡೆದರು.

"ಲಾಂಚಿನೊಳಗೆ ಬೆಂಕಿ ಬೇಡ ಅವ್ವ. ದಡದ ಮೇಲೇ ಆರತಿ ಮಾಡು."

"ಎಂಜಿನ್ ಒಳಗೆ, ಆರತಿ ಹೊರಗಾ? ಯಾವ ಸೀಮೆ ಪೂಜೆನೋ ಇದು!" ಅತ್ತೆ ಮುಖ ಗಂಟು ಹಾಕಿಕೊಂಡೇ ದಡದಲ್ಲಿ ಆರತಿ ಎತ್ತಿದರು. ಉಳಿದ ಕರ್ಪೂರವನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡರು.

ಇವರು ಮುಚ್ಚಳ ತೆಗೆದು ಮೂಸಿದರು. ಹೊಳೆ ನೀರು ಎಂಜಿನ್ನಿಗೆ ಬಿಡುವ ನಲ್ಲಿ ತಿರುಗಿಸಿದರು. ನಾನು ತುಟಿ ಮಿಸುಕದೆ ಮನಸ್ಸಿನಲ್ಲೇ ಒಪ್ಪಿಸುತ್ತಾ ಬಂದೆ, ಒಂದೂ ತಪ್ಪಲಿಲ್ಲ. ಎರಡನೇ ಎಳೆತಕ್ಕೆ ಎಂಜಿನ್ ಕೆಮ್ಮಿ ಎದ್ದಿತು. ದಡದವರು ಹೋ ಎಂದು ಕೂಗಿದರು. ಹಿಂದೆ ಬಗ್ಗಿ ನೋಡಿದೆ. ಕೊಳವೆ ಬಳಕ್ ಬಳಕ್ ಎಂದು ನೀರು ಉಗುಳುತ್ತಿತ್ತು. ಅಂಥ ಚಂದದ ಉಗುಳು ನಾನು ಈ ಜನ್ಮದಲ್ಲಿ ನೋಡಿಲ್ಲ.

ನಡು ಹೊಳೆಯಲ್ಲಿ ಲಂಗರು ಬಿಟ್ಟರು. ಎಂಜಿನ್ ನಿಲ್ಲಿಸಲೇ ಎಂದು ಇವರು ಕೇಳಿದ್ದಕ್ಕೆ ಅಧ್ಯಕ್ಷರು, "ಬೇಡಪ್ಪ, ನಿಂತದ್ದು ಮತ್ತೆ ಹೊರಡದಿದ್ರೆ? ಹಾಗೇ ಓಡ್ತಿರಲಿ" ಎಂದರು. ಮಹಾಂತಮ್ಮನವರು ಮೊರದ ಬಾಗಿನಗಳನ್ನು ಒಂದೊಂದಾಗಿ ನೀರಿಗೆ ಬಿಟ್ಟರು. ನಾವೆಲ್ಲ ಸೇವಂತಿಗೆ ಬಿಡಿಸಿ ಬಿಡಿಸಿ, ವೀಳ್ಯದೆಲೆ ಸಮೇತ, ಬುಟ್ಟಿಗಟ್ಟಲೆ ಸುರಿದೆವು. ನಾನಂತೂ ಎರಡು ಬುಟ್ಟಿ. ಗಂಗಮ್ಮ ನಗಲಿ, ನನ್ನ ಗಂಡನಿಗೆ ಕೆಲಸ ಕೊಡಿಸಲಿ! ಹೂವೆಲ್ಲ ಲಾಂಚಿನ ಪಕ್ಕೆಗೆ ಅಂಟಿಕೊಂಡು ನಿಧಾನವಾಗಿ ಅಡಿಗೆ ಸರಿಯಿತು. ಗೋವಿಂದನ ಪಾಠದಲ್ಲಿ ಇದರ ಬಗ್ಗೆ ಒಂದು ಮಾತೂ ಇರಲಿಲ್ಲ. ಸಮುದ್ರದಲ್ಲಿ ಬಾಗಿನ ಬಿಡುವವರು ಯಾರು?

ಒಂದು ಮೊರ ಮಿಕ್ಕಿತ್ತು, ಹಿಂದಿರುಗುವಾಗ ಬಿಡೋಣ ಎಂದು ಇಟ್ಟುಕೊಂಡರು. ಲಂಗರೆತ್ತಿ ಹೊರಟೆವು. ಡೊಳ್ಳು ಹತ್ತಿರವಾಗುತ್ತಿತ್ತು. ಎಲ್ಲರೂ ಮುಂದೆ ನೋಡುತ್ತಿದ್ದರು. ನಾನು ಚಟಕ್ಕೆ ಬಿದ್ದವಳ ಹಾಗೆ ಹಿಂದೆ ಬಗ್ಗಿದೆ. ಕೊಳವೆಯಲ್ಲಿ ನೀರು ದಾರದಷ್ಟಾಗಿತ್ತು. ಮತ್ತೆ ನೋಡುವಾಗ ಅದೂ ಇಲ್ಲ, ಬರೀ ಬಿಸಿ ಹಬೆ.

"ರೀ, ನೀರು ಬರ್ತಿಲ್ಲ!"

ಇವರು ತಿರುಗಿ ನೋಡಿದರು.

"ಏನಾಯ್ತು?" ಎಂದರು ಅಧ್ಯಕ್ಷರು.

"ಎಂಜಿನ್ ಕಾಯ್ತಿದೆ ಸ್ವಾಮಿ. ನಿಲ್ಲಿಸ್ಬೇಕು."

"ನಿಲ್ಲಿಸ್ಬೇಡ! ಇನ್ನು ಎರಡು ಫರ್ಲಾಂಗು. ಅಲ್ಲಿ ಅಷ್ಟು ಜನ ನೋಡ್ತಿದಾರೆ. ಮುಟ್ಟಿಸಿಬಿಡು, ಆಮೇಲೆ ಏನಾದ್ರೂ ಮಾಡ್ಕೊ."

ಇನ್ನು ಹತ್ತು ಮೂಟೆ. ಅದೇ ಮಾತು, ಬಾಯಿ ಮಾತ್ರ ಬೇರೆ. ಇವರು ನನ್ನನ್ನು ನೋಡಿದರು. ನಿಲ್ಲಿಸಿದರೆ ಷರತ್ತು ಸೋತಂತೆ, ಕೆಲಸ ಹೋದಂತೆ. ಓಡಿಸಿದರೆ ಎಂಜಿನ್ ತಾನೇ ಕಚ್ಚಿ ನಿಲ್ಲುತ್ತದೆ, ಆಮೇಲೆ ಅದನ್ನು ಎಬ್ಬಿಸುವವರಿಲ್ಲ, ಕೆಳಗೆ ಅಣೆಕಟ್ಟು. ಇವರು ಒಂದು ಸಲ ಉಸಿರೆಳೆದುಕೊಂಡು ಕೂಗಿದರು.

"ಸಿದ್ದಯ್ಯ, ಲಂಗರು ಬಿಡು!"

ಲಂಗರು ಬಿದ್ದ ಮೇಲೆ ಎಂಜಿನ್ ನಿಲ್ಲಿಸಿದರು.

ಎಂಜಿನ್ ಸದ್ದು ಅಡಗಿದ ಕೂಡಲೇ ಇನ್ನೊಂದು ಸದ್ದು ಕೇಳಿಸಿತು. ಅಣೆಕಟ್ಟಿನ ಮೇಲಿಂದ ನೀರು ಧುಮುಕುವ ಸದ್ದು. ಅಷ್ಟು ಹೊತ್ತು ಅದು ಯಾರ ಕಿವಿಗೂ ಬಿದ್ದಿರಲಿಲ್ಲ. ಲಂಗರು ಕೆಸರಿನಲ್ಲಿ ಎಳೆದುಕೊಂಡು ಹೋಗಿ, ಹಿಡಿದು, ಮತ್ತೆ ಜಾರಿತು. "ಕಚ್ತಾ ಇಲ್ಲ! ತಳ ಬರೀ ರಾಡಿ!" ಎಂದು ಸಿದ್ದಯ್ಯ ಹಗ್ಗಕ್ಕೆ ಜೋತುಬಿದ್ದ. ಹೆಂಗಸರು ಗಂಗಮ್ಮನನ್ನೂ ಮನೆದೇವರನ್ನೂ ಒಟ್ಟಿಗೆ ಕೂಗತೊಡಗಿದರು.

ಇವರು ಎಂಜಿನ್ ಗೂಡಿಗೆ ಇಳಿದರು. ನಲ್ಲಿ ಮುಚ್ಚಿ, ನೀರು ಸೋಸುವ ಡಬ್ಬಿ ಬಿಚ್ಚಿದರೆ ಒಳಗೆ ನಾವು ಸುರಿದ ಸೇವಂತಿಗೆ! ಎಸಳು, ವೀಳ್ಯದೆಲೆ, ಎಲ್ಲ ಸೇರಿ ಹಿಟ್ಟಿನ ಮುದ್ದೆಯಂತೆ ಗಟ್ಟಿಯಾಗಿ ಕೂತಿತ್ತು. ಹಿಡಿ ಹಿಡಿಯಾಗಿ ಬಾಚಿ ಎಸೆದರು. ಡಬ್ಬಿ ಮತ್ತೆ ಕೂರಿಸಿ ನಲ್ಲಿ ತೆರೆದಾಗ ನೀರು ನುಗ್ಗಿ ಬಂತು. ಅಯ್ಯೋ, ನನ್ನ ಎರಡು ಬುಟ್ಟಿ ಭಕ್ತಿಯೇ ನನ್ನ ಗಂಡನ ಕೆಲಸ ನುಂಗಿತಲ್ಲ ಎಂದು ನನಗೆ ನನ್ನ ಮೇಲೇ ಕೋಪ ಬಂತು.

ಇನ್ನು ಸೀಮೆಎಣ್ಣೆ ಬಸಿದು ಪೆಟ್ರೋಲ್ ಬಿಡಬೇಕು. ಅಷ್ಟರಲ್ಲಿ ಲಂಗರು ಮತ್ತೆ ಜಾರಿ ಲಾಂಚು ಜೋಲಿ ಹೊಡೆಯಿತು. ಡಬ್ಬದ ಪೆಟ್ರೋಲ್ ತುಳುಕಿ ಇವರ ಕೈ ಮೇಲೆ, ಎಂಜಿನ್ ಕೆಳಗೆ, ಹಲಗೆಗಳ ಸಂದಿನಲ್ಲಿ ಚೆಲ್ಲಿತು. ಗಮ್ಮೆಂದು ವಾಸನೆ ನನ್ನ ಮೂಗಿಗೆ ಅಡರಿತು.

ಆಗಲೇ ನಾನು ಅತ್ತೆಯನ್ನು ನೋಡಿದ್ದು. ಅವರು ಗೂಡಿನ ತೆರೆದ ಬಾಯಿಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದರು. ಮುಂದೆ ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ಕರ್ಪೂರ, ಕೈಯಲ್ಲಿ ಬೆಂಕಿಪೊಟ್ಟಣ.

"ಎಂಜಿನ್ ಮುಂದೆ ಆರತಿ ಇಲ್ದೆ ಹೊರಟ್ವಿ, ಅದಕ್ಕೇ ಅಮ್ಮ ಮುನಿಸ್ಕೊಂಡಿದಾಳೆ. ತಪ್ಪಾಯ್ತು ತಾಯಿ, ತಪ್ಪಾಯ್ತು..."

ಮೊದಲ ಕಡ್ಡಿ ಗೀರಿದರು. ಥಂಡಿ ಹಿಡಿದಿತ್ತು, ಮುರಿಯಿತು. ಎರಡನೇ ಕಡ್ಡಿ ತೆಗೆದರು. ಇವರು ತಲೆ ತಗ್ಗಿಸಿ ಕೆಲಸದಲ್ಲಿದ್ದರು, ಕಾಣುವಂತಿರಲಿಲ್ಲ. ಕೂಗಿ ಹೇಳುವಷ್ಟು ಹೊತ್ತಿರಲಿಲ್ಲ. ನಾನು ಹಾರಿ ಅತ್ತೆಯ ಕೈಗೆ ಬಲವಾಗಿ ಹೊಡೆದೆ. ಕಡ್ಡಿ, ಪೊಟ್ಟಣ, ಎಲ್ಲ ಹೊಳೆಗೆ ಹೋಯಿತು. ಕಾಲಿಂದ ತಟ್ಟೆಯನ್ನೂ ಒದ್ದೆ, ಅದೂ ಹೋಯಿತು.

ಅತ್ತೆ ತಮ್ಮ ಕೈಯನ್ನು ನೋಡಿಕೊಂಡರು, ನನ್ನನ್ನು ನೋಡಿದರು. ಹತ್ತು ಜನರ ಮುಂದೆ ಸೊಸೆ ಅತ್ತೆಗೆ ಹೊಡೆದಿದ್ದಳು, ಆರತಿ ತಟ್ಟೆಯನ್ನು ಕಾಲಲ್ಲಿ ಒದ್ದಿದ್ದಳು.

"ಪೆಟ್ರೋಲ್ ಚೆಲ್ಲಿದೆ! ಯಾರೂ ಬೆಂಕಿ ಮುಟ್ಟಬೇಡಿ! ಬೀಡಿ ಗೀಡಿ ಇದ್ರೆ ಹೊಳೆಗೆಸೀರಿ!" ಎಂದು ಕಿರುಚಿದೆ.

"ಮೊದಲು ಎಂಜಿನ್ ತಿರುಗಿಸೋ ಲಿಂಗಪ್ಪ! ಅಣೆ ಹತ್ರ ಬರ್ತಿದೆ!" ಎಂದು ಅಧ್ಯಕ್ಷರು ಕೂಗಿದರು.

ಮಿಕ್ಕ ಪೆಟ್ರೋಲನ್ನು ಎಂಜಿನ್ನಿಗೆ ಬಿಟ್ಟು ಹ್ಯಾಂಡಲ್ ಹಿಡಿದ ಇವರು ಹಾಗೇ ನಿಂತರು. ಮೂಸಿದರು, ತಲೆ ಕೊಡವಿದರು. ಕೈ, ಮೀಸೆ, ಅಂಗಿ ಎಲ್ಲ ಪೆಟ್ರೋಲು. ನನ್ನ ಕಡೆ ತಿರುಗಿದರು. "ದುರ್ಗಿ, ನನ್ನ ಮೂಗು ಸತ್ತಿದೆ. ನೀನು ಹೇಳು. ನೀನು ಹೇಳೋವರೆಗೂ ತಿರುಗಿಸಲ್ಲ" ಎಂದರು. ಅಂಗಿ ಬಿಚ್ಚಿ ಸಂದಿನಲ್ಲಿದ್ದ ಪೆಟ್ರೋಲನ್ನೆಲ್ಲ ಅದರಿಂದಲೇ ಒರೆಸಿ ದೂರ ಎಸೆದರು.

ನಾನು ಮಿಕ್ಕಿದ್ದ ಬಾಗಿನದ ಮೊರ ಎತ್ತಿಕೊಂಡೆ. ಒಳಗಿದ್ದ ಬಳೆ, ಬಿಚ್ಚೋಲೆ, ಬೇಳೆ ಎಲ್ಲವನ್ನೂ ಮಹಾಂತಮ್ಮನವರ ಮಡಿಲಿಗೇ ಸುರಿದು, ಗೂಡಿನೊಳಗೆ ಬಗ್ಗಿ, ತಳದಿಂದ ಮೇಲಕ್ಕೆ ರಪರಪ ಬೀಸಿದೆ. ರಾಶಿ ತೂರಿ ಬೆಳೆದ ತೋಳು ನನ್ನದು. ಸಿದ್ದಯ್ಯ "ಜಾರ್ತಿದೆ" ಅಂದ, ಬೀಸಿದೆ. ಅಧ್ಯಕ್ಷರು ಬೈದರು, ಬೀಸಿದೆ. ಬೀಸುವುದು ನಿಲ್ಲಿಸಿ ತಲೆ ಒಳಗಿಟ್ಟು ಮೂಸಿದೆ. ಇತ್ತು. ಮತ್ತೆ ಬೀಸಿದೆ. ಬೆವರು ಕಣ್ಣಿಗಿಳಿಯಿತು. ಒಂದು ಕವಳದ ಹೊತ್ತು ಎಷ್ಟು ಉದ್ದ ಎಂದು ನನಗೆ ಗೊತ್ತಾದದ್ದು ಅವತ್ತು. ಕೊನೆಗೆ ಮೂಸಿದಾಗ ಕೆಸರು ಮತ್ತು ಎಣ್ಣೆಯ ವಾಸನೆ ಮಾತ್ರ. ಇನ್ನೊಂದು ಸಲ ಮೂಸಿದೆ. ಇಲ್ಲ.

"ಈಗ ತಿರುಗಿಸಿ!"

"ಗೇರು?" ಎಂದರು ಇವರು.

"ಬಿಟ್ಟಿದೆ! ಹೆಬ್ಬೆರಳು ನೋಡ್ಕೊಳ್ಳಿ!"

ಒಂದು ಎಳೆತ, ಇಲ್ಲ. ಎರಡನೇ ಎಳೆತಕ್ಕೆ ಎಂಜಿನ್ ಹಿಂದಕ್ಕೆ ಒದ್ದು ಹ್ಯಾಂಡಲ್ ಕೈಯಿಂದ ಹಾರಿತು, ಮಣಿಕಟ್ಟು ಉಳಿಯಿತು. ಮೂರನೇ ಎಳೆತಕ್ಕೆ ಎದ್ದಿತು! ನಾನು ಹಿಂದಕ್ಕೆ ಓಡಿದೆ. ಕೊಳವೆ ಒಂದು ಸಲ ಹಬೆ ಬಿಟ್ಟಿತು, ಎರಡು ಸೇವಂತಿಗೆ ಎಸಳು ಉಗುಳಿತು, ಆಮೇಲೆ ನೀರು, ದಪ್ಪನೆಯ ನೀರು!

"ಬಂತು! ರೀ, ಬಂತು!" ಕುಣಿದೇಬಿಟ್ಟೆ. ಲಂಗರು ಎದ್ದಿತು, ಲಾಂಚಿನ ಮೂತಿ ಪ್ರವಾಹಕ್ಕೆ ಎದುರಾಗಿ ತಿರುಗಿತು. ಅಣೆಕಟ್ಟಿನ ಸದ್ದು ಹಿಂದೆ ಬಿದ್ದಿತು. ಹೆಂಗಸರೆಲ್ಲ ಅಳುತ್ತಾ ನಗುತ್ತಿದ್ದರು. ಅತ್ತೆಯೊಬ್ಬರೇ ಏಟು ಬಿದ್ದ ಕೈ ಹಿಡಿದುಕೊಂಡು ಕೂತಿದ್ದರು.

ಆಚೆ ದಡ ಮುಟ್ಟಿದೆವು. ಡೊಳ್ಳು ನಿಂತಿತು. ನಡುವೆ ಯಾಕೆ ನಿಂತಿತ್ತು, ಏನಾಯ್ತು ಎಂದು ಜನ ಮುತ್ತಿಕೊಂಡರು. ಷಡಕ್ಷರಪ್ಪನವರು ಇಳಿದು ಮುಖ ಒರೆಸಿಕೊಂಡರು. ಹೆದರಿದ ದೊಡ್ಡವರಿಗೆ ನೆಲ ಸಿಕ್ಕ ಕೂಡಲೇ ಕೋಪ ಬರುತ್ತದೆ.

"ಲಿಂಗಪ್ಪ, ನಮ್ಮ ಮಾತು ನೆನಪಿದೆಯಲ್ಲ? ಹೊಳೆ ನಡುವೆ ನಿಂತಿತು."

ಬರಿಮೈಯಲ್ಲಿ ನಿಂತಿದ್ದ ನನ್ನ ಗಂಡ, ಯಾರಿಗೂ ಎದುರು ಹೇಳದ ನನ್ನ ಗಂಡ, ತಲೆ ಎತ್ತಿದರು. "ಅದು ನಿಂತಿಲ್ಲ ಸ್ವಾಮಿ. ನಾನು ನಿಲ್ಸಿದೆ. ನಾಳೆ ಹಾಗೇ ಆದ್ರೆ ನಾಳೇನೂ ನಿಲ್ಲಿಸ್ತೀನಿ. ಬೇಡ ಅಂದ್ರೆ ಬೇರೆಯವರನ್ನ ನೋಡ್ಕೊಳ್ಳಿ."

ಅಧ್ಯಕ್ಷರು ಏನೋ ಹೇಳಲು ಹೊರಟರು. ಅಷ್ಟರಲ್ಲಿ ಅತ್ತೆ ಜನರನ್ನು ಸರಿಸಿಕೊಂಡು ಮುಂದೆ ಬಂದರು. ಅತ್ತೆಗೆ ಹೊಡೆದ ಸೊಸೆಯ ಕತೆ ಈಗ ಎರಡೂ ದಡಕ್ಕೆ ಗೊತ್ತಾಗುತ್ತದೆ, ಕೆಲಸದ ಜತೆಗೆ ಮಾನವೂ ಹೋಗುತ್ತದೆ ಅಂದುಕೊಂಡೆ. ಅವರು ಬಲಗೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಮಣಿಕಟ್ಟು ಕೆಂಪಗೆ ಊದಿತ್ತು, ಎರಡು ಬಳೆ ಒಡೆದು ಗೀರಿದ ಗಾಯವಿತ್ತು.

"ನೋಡಿ ಅಪ್ಪಾಜಿ, ಸರಿಯಾಗಿ ನೋಡಿ. ಇವಳು ನನ್ ಸೊಸೆ. ಒಂಬತ್ತು ವರ್ಷದಿಂದ ದಿನಾ ಎದುರು ಮಾತಾಡ್ತಾಳೆ, ಕೈ ಎತ್ತಿದ್ದು ಇವತ್ತೇ ಮೊದಲು. ಈ ಏಟು ಬೀಳದೇ ಇದ್ದಿದ್ರೆ ಎಂಜಿನ್ ನಿಂತಿತು ಅನ್ನೋಕೆ ನೀವೂ ಇರ್ತಿರಲಿಲ್ಲ, ಕೇಳೋಕೆ ನನ್ ಮಗನೂ ಇರ್ತಿರಲಿಲ್ಲ. ಇಂಥಾ ಮನೆಯೋರು ನಿಮ್ ಲಾಂಚಿಗೆ ಬೇಡ ಅಂದ್ರೆ ಹೇಳಿಬಿಡಿ. ನಾವು ನಡ್ಕೊಂಡೇ ಭದ್ರಾವತಿಗೆ ಹೋಗ್ತೀವಿ."

ಷಡಕ್ಷರಪ್ಪನವರು ಆ ಕೈಯನ್ನು ನೋಡಿದರು. ಆಮೇಲೆ ತಮ್ಮ ಹೆಗಲ ಮೇಲಿದ್ದ ಜರಿ ಶಾಲು ತೆಗೆದು ನನ್ನ ಗಂಡನ ಬರಿಮೈಗೆ ಹೊದಿಸಿದರು. "ನಿಮ್ಮಮ್ಮ ನಡೀಬಾರ್ದು ಕಣಯ್ಯ. ವಾಪಸ್ ಕರ್ಕೊಂಡು ಹೋಗೋ ಡ್ರೈವರ್ ನೀನೇ, ನಾಳೆಗೂ ನೀನೇ" ಎಂದರು. ಜನ ಒಂದೇ ಸಲ ಕೂಗಿದರು, ಡೊಳ್ಳು ಮತ್ತೆ ಹೊಡೆಯತೊಡಗಿತು.

ನಾನು ಅತ್ತೆಯ ಕಾಲಿಗೆ ಬಿದ್ದೆ. ಎಷ್ಟು ಎಬ್ಬಿಸಿದರೂ ಏಳಲಿಲ್ಲ, ಅಳು ನಿಲ್ಲಲಿಲ್ಲ. ಅವರು ಊದಿದ ಕೈಯಿಂದಲೇ ನನ್ನ ತಲೆ ಸವರುತ್ತಾ, "ಏಳೇ ಮಾರಾಯ್ತಿ, ಸಾಕು. ಹೋಗಿ ಮುಚ್ಚಳ ತೆಗೆದು ಮೂಸು. ನನ್ ಮಗ ಕಾಯ್ತಿದಾನೆ" ಎಂದರು.